ಮೊಮ್ಮಗಳ ಸ್ನಾನದ ನೀರು

ನಲ್ಲಿ ತಿರುಗಿಸಿದ್ದೇ ತಡ, ಮೊಮ್ಮಗಳಿಗೆಂದೇ ತಂದಿಟ್ಟಿದ್ದ ಬಿಳಿ ಟಬ್ಬಿಗೆ ಮತ್ತೆ ಚಹಾ ಬಣ್ಣದ ನೀರೇ ಧುಮುಕಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಕಾರು ನಿಂತ ಸದ್ದು. ಟೇಲರ್ ತಾತ ಗಡಬಡಿಸಿ ಎದ್ದ. ಕೂಸು ಮೊದಲ ಸಲ ಮನೆಗೆ ಬರುತ್ತಿದೆಯೆಂದು ಬಾವಿಯ ಹಳೇ ಪಂಪು ತೆಗೆಸಿ ಹೊಸದು ಹಾಕಿಸಿದ್ದ. ನೀರು ಶುದ್ಧವಾಗಲೆಂದು ಬಾವಿಗೆ ಬ್ಲೀಚಿಂಗ್ ಪುಡಿಯನ್ನು ತಾನೇ ಧಾರಾಳವಾಗಿ ಸುರಿದಿದ್ದ.

ಕೂಸನ್ನೆತ್ತಿಕೊಂಡು ಮಗಳು ಬಚ್ಚಲಿಗೇ ಬಂದುಬಿಟ್ಟಳು. ತಾತ ಟಬ್ಬಿಗೆ ಅಡ್ಡ ನಿಂತ.

"ಏನಪ್ಪಾ, ಬಂದೋರಿಗೆಲ್ಲ ಟಬ್ಬಲ್ಲೇ ಟೀ ಕಾಸಿದ್ದೀಯಾ?"

"ನಗಬೇಡ ಕಣಮ್ಮಾ. ನಮ್ಮ ನೀರಲ್ಲಿ ಕಬ್ಬಿಣ ಜಾಸ್ತಿಯಂತೆ. ಪುಡಿ ಬಿದ್ದಿದ್ದೇ ತುಕ್ಕಿನ ಬಣ್ಣ ಬಿಟ್ಟಿದೆ. ಹರಿಸ್ತಾ ಇದ್ರೆ ನಾಳೆಗೆ ತಿಳಿಯಾಗುತ್ತೆ ಅಂತ ಬೆಳಿಗ್ಗೆಯೇ ಅಂದಿದ್ದ ಪಂಪಿನ ಮೆಕ್ಯಾನಿಕ್. ಕೂಸಿಗೆ ಒಳ್ಳೇದಾಗ್ಲಿ ಅಂತ ಹೋಗಿ ಇದ್ದ ನೀರನ್ನೂ ಕೆಡಿಸ್ಬಿಟ್ಟೆ."

ಮಗಳು ಕೂಸನ್ನು ಅಪ್ಪನತ್ತ ಹಿಡಿದಳು. ತಾತ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಈಗ ಬೇಡ. ಕೈಯೆಲ್ಲ ಪುಡಿ ವಾಸನೆ."

"ಒಂದಿನ ಸ್ನಾನ ಇಲ್ಲದಿದ್ರೆ ನಿನ್ನ ಮೊಮ್ಮಗಳೇನೂ ಸವೆದು ಹೋಗಲ್ಲ. ತಾತ ಎತ್ಕೊಳ್ಳಲಿಲ್ಲ ಅಂದ್ರೆ ಮಾತ್ರ ಮುನಿಸ್ಕೊತಾಳೆ," ಎಂದು ಮಗಳು ತನ್ನ ಶಾಲನ್ನು ಕೂಸಿಗೆ ಬಿಗಿಯಾಗಿ ಸುತ್ತಿ, ಅಪ್ಪನ ತೋಳುಗಳನ್ನು ತಾನೇ ಮುಂದಕ್ಕೆಳೆದು ಅವುಗಳಲ್ಲಿ ಕೂಸನ್ನು ಇಟ್ಟೇಬಿಟ್ಟಳು.

ತಾತ ಮೊಮ್ಮಗಳ ಮುಖ ನೋಡಿದ. ಅವನ ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ಅವಳು ಶಾಲಿನಿಂದ ಕೈ ಹೊರಗೆಳೆದು ಪುಟ್ಟ ಮುಷ್ಟಿಯಲ್ಲಿ ಗಪ್ಪನೆ ಹಿಡಿದು, ಇನ್ನು ಬಿಡುವುದೇ ಇಲ್ಲ ಎಂಬಂತೆ ಜಗ್ಗಿದಳು. ತಾತ ಇನ್ನಷ್ಟು ಬಗ್ಗಿದ.