ಎಂಟೆಣಿಕೆ ತಡವಾದ ನೆರಳು

ಧಾರವಾಡದ ಕಾಲೇಜೊಂದರ ಹಿತ್ತಿಲ ಬಿಳಿ ಗೋಡೆಯ ಮುಂದೆ ಆರು ಹುಡುಗಿಯರು ಸಾಲಾಗಿ ನಿಂತಿದ್ದರು. ಕಾಲೇಜು ಹಬ್ಬದ ಸ್ಪರ್ಧೆಗೆ ಅವರು ಹಾಗೇ ಮರಳಿ ಚಿತ್ರಿಸಲು ಆರಿಸಿಕೊಂಡಿದ್ದು ಅಜ್ಜಿಯರ ಕಾಲದ ಹಾಡಿನ ವಿಡಿಯೊ. ಅದರ ಕೊನೆಯಲ್ಲಿ ಕುಣಿಯುವವರು ಕೈ ಎತ್ತಿದ ಕ್ಷಣಕ್ಕೇ ಗೋಡೆಯ ಮೇಲಿನ ನೆರಳೂ ಕೈ ಎತ್ತುತ್ತದೆ. ಈಗ ಯಾರ ನೆರಳು ಹಾಗೆ ಬರುತ್ತದೆ? ಎಲ್ಲರದೂ ಎಂಟೆಣಿಕೆ ತಡ: ಕೈ ಎತ್ತಿ ಒಂದರಿಂದ ಎಂಟು ಎಣಿಸಿದ ಮೇಲೆಯೇ ಗೋಡೆಯ ಮೇಲಿನ ನೆರಳು ಕೈ ಎತ್ತುತ್ತದೆ.

"ನೆರಳು ಆಮ್ಯಾಲೆ ಕಂಪ್ಯೂಟರಿನ್ಯಾಗ ಕೂಡಿಸಿದ್ರಾತು," ಎಂದಳು ದಾಕ್ಷಾಯಣಿ.

"ಏನೂ ಬ್ಯಾಡ," ಎಂದಳು ತಂಡ ಕಟ್ಟಿದ ಸುಗಲಾ. "ಕಡೀ ಎಂಟು ಹೆಜ್ಜಿ ಎರಡು ಸಲ ಹಾಕೋಣು. ಎರಡನೇ ಸಲಕ್ಕ ನೆರಳು ತಾನ ಬಂದು ಕೂಡತದ. ಆದ್ರ ಮೊದಲ ಸುತ್ತಿನ್ಯಾಗ ಯಾರರೆ ತಪ್ಪಿದ್ರ, ಎರಡನೇ ಸುತ್ತಿನ್ಯಾಗೂ ಅದ ತಪ್ಪು ಮಾಡ್ರಿ."

ಬಿಸಿಲು ಇಳಿಯುತ್ತಿತ್ತು. ಒಂದೇ ಸಲಕ್ಕೆ ಆಗಬೇಕಿತ್ತು.

ಹಾಡು ಶುರುವಾಯಿತು. ಮೊದಲ ಸುತ್ತಿನ ಎಂಟನೇ ಎಣಿಕೆಗೆ ಐದು ಬಲಗೈಗಳು ಮೇಲೆದ್ದವು. ಎಡಗೈ ಎತ್ತಿದವಳು ಸುಗಲಾ ಒಬ್ಬಳೇ! ಅವಳಿಗೇ ನಗು ಬಂತು. ಎರಡನೇ ಸುತ್ತಿಗೂ ಎಡಗೈಯನ್ನೇ, ಅದೇ ಸರಿ ಎನ್ನುವ ಗತ್ತಿನಲ್ಲಿ, ಎತ್ತಿದಳು. ಆರು ನೆರಳೂ ಅದೇ ಕ್ಷಣಕ್ಕೆ ಕೈ ಎತ್ತಿದವು. ಹುಡುಗಿಯರು ಕಿರುಚಿ ಒಬ್ಬರನ್ನೊಬ್ಬರು ತಬ್ಬಿಕೊಂಡರು.

ಕ್ಯಾಂಟೀನಿನ ಮುದುಕಿ ನಿಂಬೆವ್ವ ಚಹಾದ ಕಿಟ್ಲಿ ಹಿಡಿದು ನಿಂತೇಬಿಟ್ಟಿದ್ದಳು.

"ನೀವು ಸಣ್ಣವರಿದ್ದಾಗ ಹಿಂಗ ಬರ್ತಿತ್ತೇನು, ಆಯಿ?" ಎಂದು ಸುಗಲಾ ಕೇಳಿದಳು.

"ದಿನಾ ಹಿಂಗ ಬರ್ತಿತ್ತು, ಯವ್ವಾ," ಎಂದಳು ನಿಂಬೆವ್ವ. "ನಾವು ಒಬ್ಬರೂ ತಿರುಗಿ ನೋಡ್ಲಿಲ್ಲ."