ಹಂದಿ ಹೊಡೆದ ಬಿಲ್ಲು

“ಈ ಬಿಲ್ಲಲ್ಲಿ ಎರಡು ಕಾಡುಹಂದಿ ಹೊಡೆದಿದೀನಿ. ಯಾರ ಹತ್ರಾನೂ ಬಾಯಿ ಬಿಡ್ಬೇಡಿ, ಕೇಸಾಗುತ್ತೆ,” ಎಂದು ಮಾರುವವನು ಪಿಸುಗುಟ್ಟಿದ.

ಕೊಳ್ಳಲು ಬಂದವನು ಜನ್ಮದಲ್ಲಿ ಬಿಲ್ಲು ಮುಟ್ಟಿದವನಲ್ಲ. ಆದರೂ ಹಳೇ ಬೇಟೆಗಾರನ ಹಾಗೆ ತಲೆದೂಗಿದ. ಹೆದೆ ಎಳೆದರೆ ಹೊಸಬನೆಂದು ಗೊತ್ತಾಗಿಬಿಡುತ್ತದಲ್ಲ, ಅದಕ್ಕೇ ಎಳೆದು ನೋಡಲಿಲ್ಲ. ಹಂದಿ ಹೊಡೆದ ಬಿಲ್ಲಿಗೆ ಚೌಕಾಸಿ ಮಾಡುವುದು ಮರ್ಯಾದೆಯಲ್ಲವೆಂದು ಕೇಳಿದಷ್ಟೂ ಕೊಟ್ಟ.

ಮನೆಯ ತಾರಸಿಯ ಮೇಲೆ ಎಷ್ಟು ಎಳೆದರೂ ಹೆದೆ ಎದೆಯವರೆಗೆ ಬರಲಿಲ್ಲ. ಭುಜ ಮಾತ್ರ ಉಳುಕಿತು. ಹೆಂಡತಿ ಆ ಹೆದೆಯ ಮೇಲೆ ಕರ್ಚೀಫು ಒಣಹಾಕಲು ಶುರುಮಾಡಿದ ದಿನ ಅವನು ಬಿಲ್ಲು ಮಾರಾಟಕ್ಕಿದೆ ಎಂದು ಜಾಹೀರಾತು ಕೊಟ್ಟ.

ಭಾನುವಾರ ಒಬ್ಬ ಯುವಕ ಬಂದ. ಜೊತೆಗೊಬ್ಬರು ಹಿರಿಯರು.

“ನಂಗೇನೂ ಗೊತ್ತಾಗಲ್ಲ ಸಾರ್. ಗೊತ್ತಿರೋರು ಒಬ್ರು ಇರ್ಲಿ ಅಂತ ನಮ್ಮ ಮಾವನ್ನ ಕರ್ಕೊಂಡ್ಬಂದೆ.”

“ಗೊತ್ತಾಗೋಕೆ ಏನಿದೆ? ಇದ್ರಲ್ಲಿ ನಾನೇ ನಾಲ್ಕು ಹಂದಿ ಹೊಡೆದಿದೀನಿ,” ಎಂದು ನಮ್ಮ ಬೇಟೆಗಾರ ಮುಲಾಮು ಹಚ್ಚಿದ ಭುಜವನ್ನು ನೀವಿಕೊಳ್ಳುತ್ತಾ ದನಿ ತಗ್ಗಿಸಿದ. “ಹೊರಗೆ ಹೇಳ್ಬೇಡಿ, ಕೇಸಾಗುತ್ತೆ.”

ಯುವಕನ ಕಣ್ಣು ಅರಳಿತು. ಅವನು ಜೇಬಿಗೆ ಕೈಹಾಕುವಷ್ಟರಲ್ಲಿ ಮಾವ ಬಿಲ್ಲನ್ನು ಎತ್ತಿಕೊಂಡರು. ಹಿಡಿಕೆಗೆ ಸುತ್ತಿದ್ದ ಬಟ್ಟೆಯನ್ನು ನಿಧಾನವಾಗಿ ಬಿಚ್ಚಿ, ಒಳಗೆ ಕೆತ್ತಿದ್ದ ಅಕ್ಷರಗಳ ಮೇಲೆ ಬೆರಳಾಡಿಸಿದರು.

“ನನ್ನ ಹೆಸರು ಇನ್ನೂ ಹಾಗೇ ಇದೆ,” ಎಂದರು. “ನಾನು ಮಾರೋವಾಗ ಇದು ಒಂದು ಮೊಲ ಹೊಡೆದಿತ್ತು. ಅದೂ ಸುಳ್ಳು.”