ಲೋಟ ಹೊತ್ತ ಸೇತುವೆ

ಇದನ್ನು ಮೊದಲು ಹೇಳಿದವರು ಪಂಪು ಜೋಡಿಸುವ ಕಾರ್ಖಾನೆಯ ಮೇಲ್ವಿಚಾರಕ ಶಿವಯೋಗಪ್ಪ. ಕಳೆದ ಶ್ರಾವಣದ ಒಂದು ಮಧ್ಯಾಹ್ನ, ಕೆಲಸ ಮುಗಿಸಿದ ಮೊದಲ ಪಾಳಿಯವರೆದುರು. ಶಿವಯೋಗಪ್ಪ ಒಪ್ಪಿ ತಲೆಯಾಡಿಸದೆ ಅಲ್ಲಿ ಯಾರೂ ಬೋಲ್ಟು ಬಿಗಿಯುತ್ತಿರಲಿಲ್ಲ, ಮನೆಗೂ ಹೊರಡುತ್ತಿರಲಿಲ್ಲ.

ಹಿಂದಿನ ದಿನ ತರಬೇತಿ ಕೊಡಲು ಬಂದಾಕೆ ಎರಡನೆಯ ಪಾಳಿಯ ಹನ್ನೊಂದು ಮಂದಿಯ ಮುಂದೆ ಮಕ್ಕಳಾಟದ ಬಣ್ಣದ ಇಟ್ಟಿಗೆಗಳನ್ನು ಸುರಿದು, ನೀರು ತುಂಬಿದ ಲೋಟವನ್ನು ಹೊರಬಲ್ಲ ಸೇತುವೆಯನ್ನು ಒಂದು ಗಂಟೆಯೊಳಗೆ ಕಟ್ಟಿರೆಂದಳು. ಒಗ್ಗಟ್ಟು ಕಾಣದಿದ್ದರೆ ಅಷ್ಟೂ ಜನರನ್ನು ಬೇರೆ ಬೇರೆ ಊರಿಗೆ ಚದುರಿಸುವುದೆಂದು ಆಡಳಿತ ಮೊದಲೇ ತಿಳಿಸಿತ್ತು. ಒಂದೊಂದು ಇಟ್ಟಿಗೆಗೂ ಶಿವಯೋಗಪ್ಪನವರೇ ನಿಂತು ಜಾಗ ತೋರಿಸುತ್ತಿದ್ದರು.

"ಇದನ್ನ ಇಲ್ಲಿಡ್ಲೇನ್ರಿ, ಸಾಹೇಬ್ರ?"

"ಅಲ್ಲಲೇ, ಆ ಕಡೆ! ತಡಿ, ಬ್ಯಾಡ ಬ್ಯಾಡ!"

ಸೇತುವೆ ಮೂರು ಸಲ ಕುಸಿಯಿತು. ಹತ್ತೇ ನಿಮಿಷ ಉಳಿದಾಗ ಶಿವಯೋಗಪ್ಪನವರ ಧೈರ್ಯ ಉಡುಗಿತು. ಅಳು ಕಾಣಬಾರದೆಂದು ಹೊರಗಿನ ನಲ್ಲಿಗೆ ಹೋಗಿ ಮುಖ ತೊಳೆದು, ಯಾರನ್ನೂ ಚದುರಿಸದಂತೆ ತರಬೇತಿಯಾಕೆಗೆ ಕೈಮುಗಿದು ಬೇಡುವುದೆಂದು ನಿಶ್ಚಯಿಸಿ ಮರಳಿದರು.

ಸೇತುವೆ ನಿಂತಿತ್ತು. ಮೇಲಿದ್ದ ಲೋಟದ ನೀರು ಅಲುಗಿರಲಿಲ್ಲ.

"ಹೆಂಗ ಕಟ್ಟಿದ್ರಬೇ, ನೀಲವ್ವ?"

ಎಲ್ಲರಿಗಿಂತ ಹಿರಿಯಳಾದ ನೀಲವ್ವ ತಲೆ ತಗ್ಗಿಸಿದಳು.

"ನೀವು ಹೊರಗ ಹೋಗಿದ್ರಲ್ರಿ, ಸಾಹೇಬ್ರ."

ಕತೆ ಮುಗಿಯಿತು. ಕೇಳಿದವರು, ಶಿವಯೋಗಪ್ಪನವರು ತಲೆಯಾಡಿಸುವುದಕ್ಕೆ ಕಾಯದೆ, ಎದ್ದು ಮನೆಗೆ ಹೊರಟರು.